ಪೇಟಿ ಮಾಸ್ತರನ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಈ ನಾಟಕವನ್ನು ಆಡಿದ ಕಡೆಗಳಲ್ಲೆಲ್ಲ ಪರದೆ ಬಿದ್ದ ಮೇಲೆ ಜನ ನಿಂತು ಮಾತನಾಡಿದ್ದಾರೆ; ಕೆಲವರು ಮನೆಗೆ ಹೋಗಿ ಪತ್ರ ಬರೆದಿದ್ದಾರೆ. ಊರು ಬೇರೆಯಾದರೂ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಸೇರಿಸಿದ್ದೇವೆ. ಕಾಯಿಲೆ ಮತ್ತು ಔಷಧಿಗೆ ಸಂಬಂಧಿಸಿದ ಉತ್ತರಗಳು ತಿಳಿವಳಿಕೆಗಾಗಿ ಬರೆದವು. ಯಾವ ಗುಳಿಗೆ, ಎಷ್ಟು, ಎಷ್ಟು ಕಾಲ ಎಂಬುದನ್ನು ನಿರ್ಧರಿಸಬೇಕಾದವರು ಚಿಕಿತ್ಸೆ ನೀಡುತ್ತಿರುವ ವೈದ್ಯರೇ.

## ನಾಟಕದ ಪರಿಚಯ

ನಾಟಕದ ಕತೆ ಏನು? ಮೊದಲೇ ಸ್ವಲ್ಪ ಹೇಳಬಹುದೇ?

ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಹಾಕುವ ಒಂದು ವೃತ್ತಿ ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುವ ಯುವ ಮಾಸ್ತರನೊಬ್ಬ ಈ ನಾಟಕದ ನಾಯಕ. ಒಂದು ಜಾತ್ರೆಯ ಹಂಗಾಮಿನಲ್ಲಿ ಅವನು ರಾತ್ರಿಗಳ ಮೇಲೆ ರಾತ್ರಿ ನಿದ್ದೆಯಿಲ್ಲದೆ ದುಡಿಯುತ್ತಾನೆ, ಆದರೆ ಅವನಿಗೆ ದಣಿವೇ ಆಗುವುದಿಲ್ಲ. ಹೊಸ ಹೊಸ ಮಟ್ಟುಗಳನ್ನು ಕಟ್ಟುತ್ತಾನೆ, ಸಾಲ ಮಾಡಿ ಬೇಕಿಲ್ಲದ ವಾದ್ಯಗಳನ್ನು ಕೊಳ್ಳುತ್ತಾನೆ, ತಾನೇ ಸ್ವಂತ ಕಂಪನಿ ತೆರೆಯುವೆನೆಂದು ಕಂಡವರಿಗೆಲ್ಲ ಪಾತ್ರ ಹಂಚುತ್ತಾನೆ, ಕೊನೆಗೆ ಆಟ ನಡೆಯುತ್ತಿರುವಾಗಲೇ ಮಾಲೀಕರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಅದಾದ ಕೆಲವು ತಿಂಗಳಿಗೆ ಅದೇ ಮನುಷ್ಯ ಹಾಸಿಗೆಯಿಂದ ಏಳಲಾರದ ಸ್ಥಿತಿಗೆ ಬರುತ್ತಾನೆ. ಈ ಏರಿಳಿತ ಮೊದಲರ್ಧದಲ್ಲಿ ಮುಗಿಯುತ್ತದೆ. ಉಳಿದರ್ಧವೆಲ್ಲ ಅವನ ಚೇತರಿಕೆಯ ಕತೆ. ಅದರಲ್ಲಿ ಅವನ ಹೆಂಡತಿ, ತಬಲಾ ಬಾರಿಸುವ ಕಾಕಾ, ಪೇಟಿ ಕಲಿಯಲು ಬರುವ ಒಬ್ಬ ಹುಡುಗಿ ಹಾಗೂ ಕಂಪನಿಯ ಮಾಲೀಕರು ಅವನಷ್ಟೇ ಮುಖ್ಯ ಪಾತ್ರಗಳು. ಚೇತರಿಕೆಗೆ ಅರ್ಧ ನಾಟಕವನ್ನೇ ಕೊಟ್ಟಿರುವುದು ಉದ್ದೇಶಪೂರ್ವಕ. ಹುಚ್ಚು ಏರುವುದನ್ನು ವೇದಿಕೆಯ ಮೇಲೆ ಬಹಳ ಸಲ ನೋಡಿರುವ ನಮ್ಮ ಪ್ರೇಕ್ಷಕರು ಅದರಿಂದ ಮನುಷ್ಯನೊಬ್ಬ ಇಳಿದು ಬರುವುದನ್ನು ನೋಡಿರುವುದು ತೀರ ಕಡಿಮೆ ಎಂದು ನಮಗೆ ಅನ್ನಿಸಿತ್ತು.

ಇದು ನಮ್ಮ ಕಡೀ ಮಾಸ್ತರರೊಬ್ಬರ ಖರೇ ಕತೀನೇ ಅಂತಾರಲ್ರೀ, ಹೌದೇನು?

ಇಲ್ಲ. ಯಾವ ಒಬ್ಬ ವ್ಯಕ್ತಿಯ ಬದುಕನ್ನೂ ಇಲ್ಲಿ ಎತ್ತಿಕೊಂಡಿಲ್ಲ. ಕಂಪನಿಗಳಲ್ಲಿ ದುಡಿದವರ, ಈ ಕಾಯಿಲೆಯೊಂದಿಗೆ ಬದುಕುತ್ತಿರುವವರ ಮತ್ತು ಅವರ ಮನೆಯವರ ಮಾತುಗಳನ್ನು ಒಪ್ಪಿಗೆ ಪಡೆದು ಕೇಳಿಸಿಕೊಂಡು, ಗುರುತು ಸಿಗದಂತೆ ಒಂದು ಪಾತ್ರಕ್ಕೆ ಹೊಂದಿಸಿದ್ದೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುತ್ತಿರುವವರ ಮಾಹಿತಿಯನ್ನು ಗುಟ್ಟಾಗಿ ಇರಿಸಿಕೊಳ್ಳುವ ಹಕ್ಕನ್ನು ಅವರಿಗೆ ಕೊಟ್ಟಿದೆ; ಅವರ ಒಪ್ಪಿಗೆಯಿಲ್ಲದೆ ಫೋಟೊ ಅಥವಾ ವಿವರಗಳನ್ನು ಮಾಧ್ಯಮಗಳಿಗೆ ಬಿಟ್ಟುಕೊಡುವಂತಿಲ್ಲ. ಆದ್ದರಿಂದ ನಾಟಕ ನೋಡಿದವರು ತಮ್ಮೂರಿನ ಯಾರನ್ನೋ ನೆನೆದು ಹೆಸರು ಹೇಳತೊಡಗಿದಾಗ ಆ ಮಾತನ್ನು ಅಲ್ಲಿಗೇ ನಿಲ್ಲಿಸುವಂತೆ ವಿನಂತಿಸಿಕೊಳ್ಳುತ್ತೇವೆ.

ಸಣ್ಣ ಮಕ್ಕಳನ್ನು ಕರೆದುಕೊಂಡು ಬರಬಹುದೇ?

ಹನ್ನೆರಡು ವರ್ಷ ದಾಟಿದವರು ದೊಡ್ಡವರ ಜೊತೆ ಬರಬಹುದು. ಹೊಡೆದಾಟ ಅಥವಾ ರಕ್ತದ ದೃಶ್ಯಗಳಿಲ್ಲ. ಆದರೆ ತಂದೆಯಾದವನು ತಿಂಗಳುಗಟ್ಟಲೆ ಮಾತಾಡದೆ ಮಲಗಿರುವ ದೃಶ್ಯ ಎಳೆಯ ಮಕ್ಕಳನ್ನು ಕಾಡಬಹುದು.

ನಾಟಕದ ಮಾತೆಲ್ಲ ಕಲಬುರಗಿ ಕಡೆಯದ್ದು. ಬೇರೆ ಕಡೆಯವರಿಗೆ ತಿಳಿಯುತ್ತದೆಯೇ?

ತಿಳಿಯುತ್ತದೆ. ವೈದ್ಯರು ಮಾತ್ರ ಗ್ರಾಂಥಿಕ ಕನ್ನಡದಲ್ಲಿ ಮಾತು ಆರಂಭಿಸುತ್ತಾರೆ. ಮಾಸ್ತರನ ಹೆಂಡತಿಗೆ ಅದು ಅರ್ಥವಾಗದಿದ್ದಾಗ ಅವರೂ ನಮ್ಮ ಭಾಷೆಗೆ ಇಳಿಯುತ್ತಾರೆ. "ಮನಸ್ಸಿಗೆ ಹೆಂಗನಸ್ತದ?" ಎಂದು ಅವರು ಕೇಳಿದ ಮೇಲೆಯೇ ಮಾಸ್ತರ ಬಾಯಿ ಬಿಡುತ್ತಾನೆ. ರೋಗಿಯ ಮನೆಮಾತಿನಲ್ಲಿ ಕೇಳದ ಹೊರತು ನಿದ್ದೆ, ಹಸಿವು, ಅಳು, ಸಿಟ್ಟುಗಳ ವಿವರ ಹೊರಬರುವುದು ಕಷ್ಟವೆಂಬುದನ್ನು ಈ ಭಾಗದಲ್ಲಿ ಕೆಲಸ ಮಾಡುವ ಎಲ್ಲರೂ ಬಲ್ಲರು.

## ಕಾಯಿಲೆಯ ಬಗ್ಗೆ

ಮಾಸ್ತರಗ ಆಗಿದ್ದರೆ ಏನ್ರಿ? ಖರೇನೇ ರೋಗೋ, ಇಲ್ಲಾ ಯಾರರೆ ಮಾಡಿಸಿದ್ದೋ?

ಅವನಿಗಿರುವುದು ಬೈಪೋಲಾರ್ ಎಂದು ಕರೆಯುವ ಮನೋರೋಗ. ಇದರಲ್ಲಿ ಮನಸ್ಸಿನ ಸ್ಥಿತಿ ಒಮ್ಮೆ ವಿಪರೀತ ಏರುತ್ತದೆ, ಇನ್ನೊಮ್ಮೆ ವಿಪರೀತ ಕುಸಿಯುತ್ತದೆ. ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ಏರಿದ ಸ್ಥಿತಿ ಸಾಮಾನ್ಯವಾಗಿ ಒಂದು ವಾರವಾದರೂ ಉಳಿಯುತ್ತದೆ. ಆಗ ನಿದ್ದೆ ಬೇಡವಾಗುತ್ತದೆ, ಮಾತು ನಿಲ್ಲುವುದಿಲ್ಲ, ಯೋಚನೆಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ದುಡ್ಡು ನೀರಿನಂತೆ ಖರ್ಚಾಗುತ್ತದೆ, ತನಗೆ ಆಗದ ಕೆಲಸವೇ ಇಲ್ಲವೆಂಬ ಭಾವ ಬಲಿಯುತ್ತದೆ. ಕುಸಿದ ಸ್ಥಿತಿಯಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇರುವುದಿಲ್ಲ, ಬದುಕೇ ಬೇಡವೆನ್ನಿಸುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ವಂಶದ ಗುಣ, ಮೆದುಳಿನ ಕೆಲಸದಲ್ಲಿನ ವ್ಯತ್ಯಾಸ, ಬದುಕಿನ ಒತ್ತಡ ಮತ್ತು ನಿದ್ದೆಗೇಡು ಇವೆಲ್ಲ ಸೇರಿ ಇದು ಬರುತ್ತದೆ. ಇದನ್ನು ಯಾರೂ ಯಾರಿಗೂ ಮಾಡಿಸಲು ಬರುವುದಿಲ್ಲ. ಈ ಅನುಮಾನದಿಂದ ನೆರೆಮನೆಯವರ, ನೆಂಟರ, ಸೊಸೆಯಂದಿರ ಮೇಲೆ ಬೀಳುವ ಅಪವಾದ ಎಷ್ಟು ಮನೆಗಳನ್ನು ಒಡೆದಿದೆಯೆಂಬುದು ನಮಗೆಲ್ಲ ಗೊತ್ತಿರುವುದರಿಂದ ಈ ಒಂದು ಮಾತನ್ನು ನಾಟಕದಲ್ಲಿ ಕಾಕಾನ ಬಾಯಿಂದ ನೇರವಾಗಿಯೇ ಹೇಳಿಸಿದ್ದೇವೆ.

ಗಾಣಗಾಪುರದ ದೃಶ್ಯ ಯಾಕೆ ಇಟ್ಟಿದ್ದೀರಿ? ದೇವರ ಮೇಲಿನ ನಂಬಿಕೆ ತಪ್ಪು ಅಂತ ಹೇಳುತ್ತೀರಾ?

ಹಾಗೆ ಹೇಳುವುದಿಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕೆ, ಭೀಮಾ ಮತ್ತು ಅಮರಜಾ ಸಂಗಮಕ್ಕೆ, ಮನಸ್ಸು ಕೆಟ್ಟವರನ್ನು ಕರೆದುಕೊಂಡು ಹೋಗುವುದು ನಮ್ಮ ಭಾಗದ ಎಷ್ಟೋ ಕುಟುಂಬಗಳು ಮೊದಲು ಇಡುವ ಹೆಜ್ಜೆ. ಅದನ್ನು ಬಿಟ್ಟು ಕತೆ ಹೇಳಿದರೆ ಅದು ನಮ್ಮ ಕತೆ ಆಗುತ್ತಿರಲಿಲ್ಲ. ಆ ದೃಶ್ಯದಲ್ಲಿ ಮಾಸ್ತರನ ತಾಯಿ ಸಂಗಮದಲ್ಲಿ ನಿಂತು ಹಾಡುತ್ತಾಳೆ. ಅದರಲ್ಲಿ ಅಣಕವಿಲ್ಲ, ಮಗನಿಗಾಗಿ ಎಲ್ಲ ಬಾಗಿಲನ್ನೂ ಬಡಿಯುವ ತಾಯಿಯ ಸಂಕಟವಿದೆ. ಹರಕೆ ಹೊರುವುದು, ದರ್ಗಾಕ್ಕೆ ಹೋಗುವುದು, ಭಜನೆಯಲ್ಲಿ ಕೂರುವುದು ಮನಸ್ಸಿಗೆ ಆಸರೆ ಕೊಡುತ್ತವೆ. ಗುಳಿಗೆ ನುಂಗಿಕೊಂಡೇ ಇವನ್ನೆಲ್ಲ ಮಾಡಬಹುದು.

ನಾವು ಒಪ್ಪದಿರುವುದು ಚಿಕಿತ್ಸೆಯನ್ನು ತಡೆಯುವುದನ್ನು, ಹೊಡೆಯುವುದನ್ನು ಮತ್ತು ಕಟ್ಟಿ ಹಾಕುವುದನ್ನು. ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಮಾನಸಿಕ ರೋಗಿಗಳು ಓಡಲಾರದೆ ಸತ್ತರು. 2017ರ ಕಾಯ್ದೆಯ 95ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ರಾತ್ರಿ ನಿದ್ದಿಗೆಟ್ಟರೆ ಯಾರಿಗಾದರೂ ಹೀಗಾಗುತ್ತದೆಯೇ? ಕಂಪನಿಯವರೆಲ್ಲ ನಿದ್ದಿಗೆಡುತ್ತಾರಲ್ಲ?

ಎಲ್ಲರಿಗೂ ಆಗುವುದಿಲ್ಲ. ಕಾಯಿಲೆಯ ಒಲವು ಮೊದಲೇ ಇದ್ದವರಲ್ಲಿ ನಿದ್ದೆಗೇಡು ಅದನ್ನು ಕೆರಳಿಸುತ್ತದೆ. ಒಮ್ಮೆ ಕೆರಳಿದ ಮೇಲೆ ಕಾಯಿಲೆಯೇ ನಿದ್ದೆಯನ್ನು ಕಸಿದುಕೊಳ್ಳುತ್ತದೆ, ಹೀಗೆ ಒಂದು ಇನ್ನೊಂದನ್ನು ಹೆಚ್ಚಿಸುತ್ತಾ ಹೋಗುತ್ತದೆ. ದೊಡ್ಡ ಜಾತ್ರೆಗಳಲ್ಲಿ ರಾತ್ರಿಯಿಡೀ ಒಂದರ ಹಿಂದೆ ಒಂದು ಆಟ ಆಡುವ ಪದ್ಧತಿಯಿದೆ. ನಟರಿಗೆ ತಮ್ಮ ಪಾತ್ರವಿಲ್ಲದ ಹೊತ್ತಿನಲ್ಲಿ ಬಣ್ಣ ಹಚ್ಚುವ ಚೌಕಿಯ ಮೂಲೆಯಲ್ಲಿ ಕಣ್ಣು ಮುಚ್ಚುವ ಅವಕಾಶವಾದರೂ ಇರುತ್ತದೆ. ಪೇಟಿ ಮತ್ತು ತಬಲಾದವರು ಮೊದಲ ನಾಂದಿಯಿಂದ ಕೊನೆಯ ಮಂಗಳದವರೆಗೆ ಕೂತೇ ಇರಬೇಕು. ನಾಯಕನನ್ನು ಪೇಟಿ ಮಾಸ್ತರನನ್ನಾಗಿ ಮಾಡಿದ್ದಕ್ಕೆ ಇದು ಮೊದಲ ಕಾರಣ. ಹಾಗೆಯೇ, ನಿದ್ದೆ ಕಡಿಮೆಯಾದರೂ ದಣಿವಾಗದೆ ಹುರುಪು ಹೆಚ್ಚುತ್ತಿದ್ದರೆ ಅದು ಮುಂದೆ ಬರುವ ಏರಿಕೆಯ ಮೊದಲ ಸೂಚನೆ ಆಗಿರಬಹುದು. ಮನೆಯವರು ಗಮನಿಸಬೇಕಾದ ಅತಿ ಮುಖ್ಯ ಲಕ್ಷಣ ಇದೇ.

ಮಾಸ್ತರನ ಕೈ ನಡುಗುವುದು ಗುಳಿಗೆಯಿಂದಲೇ? ಹಾಗಿದ್ದರೆ ಗುಳಿಗೆ ಬಿಟ್ಟರೆ ಆಗುವುದಿಲ್ಲವೇ?

ಇದು ನಾವು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ, ಏಕೆಂದರೆ ನಾಟಕದ ಎರಡನೆಯ ಅರ್ಧ ನಿಂತಿರುವುದೇ ಇದರ ಮೇಲೆ. ಮಾಸ್ತರನಿಗೆ ಕೊಡುವ ಔಷಧಿ ಲಿಥಿಯಂ. ಇದು ಪ್ರಕೃತಿಯಲ್ಲಿ ಸಿಗುವ ಒಂದು ಲವಣ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅವರು ಮನಸ್ಸಿನ ಏರಿದ ಸ್ಥಿತಿಗೆ ಇದರಿಂದ ಗುಣವಿದೆ ಎಂದು 1949ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಈ ಕಾಯಿಲೆ ಮರುಕಳಿಸದಂತೆ ತಡೆಯುವ, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಮುಖ್ಯ ಔಷಧಿಗಳಲ್ಲಿ ಅದು ಒಂದಾಗಿ ಉಳಿದಿದೆ. ಅದನ್ನು ತೆಗೆದುಕೊಳ್ಳುವ ಹಲವರಲ್ಲಿ ಬೆರಳುಗಳು ಸಣ್ಣಗೆ ನಡುಗುತ್ತವೆ, ಬಾಯಾರಿಕೆ ಹೆಚ್ಚುತ್ತದೆ. ಕಚೇರಿಯ ಗುಮಾಸ್ತನಿಗೆ ಈ ನಡುಕ ಒಂದು ಕಿರಿಕಿರಿ. ವೇಗದ ಸ್ವರಗುಚ್ಛಗಳಾದ ತಾನುಗಳನ್ನು ಬೆರಳ ತುದಿಯಲ್ಲಿ ಉದುರಿಸುತ್ತಿದ್ದ ಪೇಟಿ ಮಾಸ್ತರನಿಗೆ ಅದು ಅನ್ನವನ್ನೇ ಕಿತ್ತುಕೊಂಡಂತೆ.

ನಾಟಕದಲ್ಲಿ ಅವನು ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾನೆ. ಕೆಲವು ದಿನ ಬೆರಳು ಹಿಂದಿನಂತೆ ಓಡುತ್ತವೆ, ಮಾಲೀಕರೂ ಹೆಂಡತಿಯೂ ಸಂತೋಷಪಡುತ್ತಾರೆ, ಆಮೇಲೆ ನಿದ್ದೆ ಹಾರಿಹೋಗುತ್ತದೆ. ಲಿಥಿಯಂ ಅನ್ನು ಏಕಾಏಕಿ ನಿಲ್ಲಿಸಿದವರಲ್ಲಿ ಕಾಯಿಲೆ ಬೇಗನೆ ಮರುಕಳಿಸುವ ಅಪಾಯ ಹೆಚ್ಚು. ಎರಡನೆಯ ಸಲ ಆಸ್ಪತ್ರೆಗೆ ಬಂದಾಗ ವೈದ್ಯರು ಬೈಯುವುದಿಲ್ಲ. ನೀವು ಪೇಟಿ ಬಾರಿಸುವವರೆಂಬುದನ್ನು ನಾನು ಮೊದಲೇ ಕೇಳಬೇಕಿತ್ತು ಎನ್ನುತ್ತಾರೆ. ರಕ್ತದಲ್ಲಿನ ಪ್ರಮಾಣವನ್ನು ಪರೀಕ್ಷಿಸಿ ಗುಳಿಗೆಯನ್ನು ಸ್ವಲ್ಪ ಇಳಿಸುವುದು, ತೆಗೆದುಕೊಳ್ಳುವ ಹೊತ್ತನ್ನು ಬದಲಿಸುವುದು, ನಡುಕಕ್ಕೆ ಬೇರೆ ಗುಳಿಗೆ ಸೇರಿಸುವುದು, ಅಗತ್ಯವಾದರೆ ಲಿಥಿಯಂ ಬದಲಿಗೆ ಇನ್ನೊಂದು ಔಷಧಿಗೆ ಹೋಗುವುದು, ಇವೆಲ್ಲವೂ ಸಾಧ್ಯ. ಹೇಳದೆ ಬಿಡುವುದಕ್ಕಿಂತ ಹೋಗಿ ಹೇಳುವುದರಲ್ಲಿ ದಾರಿ ಇದೆ. ಕಲಾವಿದರಾಗಿರುವ ರೋಗಿಗಳು ತಮ್ಮ ಕೆಲಸಕ್ಕೆ ಏನು ಬೇಕು ಎಂಬುದನ್ನು, ಬೆರಳೋ ಕಂಠವೋ ನೆನಪೋ, ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಎರಡನೇ ಅಂಕದುದ್ದಕ್ಕೂ ಹೆಂಡತಿ ನೀರಿನ ಚರಗಿ ಹಿಡಿದೇ ಇರುತ್ತಾಳಲ್ಲ, ಯಾಕೆ?

ಬಹಳ ಸೂಕ್ಷ್ಮವಾಗಿ ನೋಡಿದವರು ಕೇಳುವ ಪ್ರಶ್ನೆ ಇದು. ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಬೆವರಿನಿಂದ ನೀರು ಮತ್ತು ಉಪ್ಪು ಕಡಿಮೆಯಾದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಸಾಮಾನ್ಯವಾಗಿ ಪ್ರತಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಮಟ್ಟದಲ್ಲಿ ಇರಿಸುವ ಈ ಔಷಧಿಯಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ, ತಗಡಿನ ಥೇಟರಿನ ಒಳಗೆ, ದೀಪಗಳ ಮುಂದೆ ಕೂರುವವನಿಗೆ ನೀರು ಔಷಧಿಯಷ್ಟೇ ಮುಖ್ಯ. ಕೈ ನಡುಕ ಒರಟಾಗಿ ಹೆಚ್ಚುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಪ್ಪನ್ನು ಒಮ್ಮೆಲೇ ಬಿಡಬಾರದು. ನೀರೂ ಕುಡಿಯದ ಉಪವಾಸ ಅಥವಾ ರೋಜಾ ಹಿಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಬೆನ್ನುನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಗುಳಿಗೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗುವುದೂ ಲಿಥಿಯಂ ಮಟ್ಟವನ್ನು ಏರಿಸುತ್ತದೆ. ಗಂಟೆಗಟ್ಟಲೆ ನೆಲದ ಮೇಲೆ ಕೂತು ಬಾರಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ರಕ್ತದ ಜೊತೆಗೆ ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನೂ ವೈದ್ಯರು ಹೇಳಿದ ಅವಧಿಗೆ ಮಾಡಿಸುತ್ತಿರಬೇಕು.

ಈ ರೋಗ ಪೂರ್ತಿ ವಾಸಿ ಆಗುತ್ತದೆಯೇ?

ಬಹಳ ಜನರಲ್ಲಿ ಇದು ಮರುಕಳಿಸುವ ಸ್ವಭಾವದ್ದು, ಆದ್ದರಿಂದ ದೀರ್ಘಕಾಲ ಔಷಧಿ ಬೇಕಾಗುತ್ತದೆ. ಆದರೂ ಚಿಕಿತ್ಸೆ ಪಡೆದು ಸಂಸಾರ ನಡೆಸುವವರು, ನೌಕರಿ ಮಾಡುವವರು, ಹಾಡುವವರು, ಕಲಿಸುವವರು ನಮ್ಮ ನಡುವೆಯೇ ಇದ್ದಾರೆ.

## ರಂಗದ ಬಗ್ಗೆ

ದೊಡ್ಡ ಕಲಾವಿದರಿಗೆಲ್ಲ ಸ್ವಲ್ಪ ಹುಚ್ಚು ಇದ್ದೇ ಇರುತ್ತದೆ ಅಂತಾರೆ. ಔಷಧಿ ಕೊಟ್ಟರೆ ಕಲೆ ಸಾಯುವುದಿಲ್ಲವೇ?

ಸ್ವೀಡನ್ನಿನಲ್ಲಿ ಲಕ್ಷಾಂತರ ಜನರ ದಾಖಲೆಗಳನ್ನು ಹಿಡಿದು ನಡೆಸಿದ ಅಧ್ಯಯನವು ಕಲೆಯ ವೃತ್ತಿಗಳಿಗೂ ಬೈಪೋಲಾರ್ ಕಾಯಿಲೆಗೂ ಒಂದು ನಂಟನ್ನು ಕಂಡಿದೆ, ಒಟ್ಟಾರೆ ಮನೋರೋಗಗಳಿಗೂ ಕಲೆಗೂ ಅಂತಹ ನಂಟನ್ನು ಕಂಡಿಲ್ಲ. ನಂಟಿದೆ ಎಂದ ಮಾತ್ರಕ್ಕೆ ಕಾಯಿಲೆಯೇ ಕಲೆಯನ್ನು ಹುಟ್ಟಿಸುತ್ತದೆ ಎಂದಾಗುವುದಿಲ್ಲ. ಮಾಸ್ತರ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಕಟ್ಟಿದ ಮಟ್ಟುಗಳನ್ನು ನಾವು ವೇದಿಕೆಯ ಮೇಲೆ ನಿಜವಾಗಿಯೂ ನುಡಿಸಿ ತೋರಿಸುತ್ತೇವೆ. ಆರಂಭದಲ್ಲಿ ಬೆರಗು ಹುಟ್ಟಿಸುತ್ತವೆ. ಬರಬರುತ್ತಾ ಒಂದು ರಾಗ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ, ತಬಲಾದ ಕಾಕಾನಿಗೆ ಠೇಕಾ ಹಿಡಿಯಲಾಗುವುದಿಲ್ಲ, ಹಾಡುವ ನಟಿಗೆ ಎತ್ತಿಕೊಳ್ಳುವ ಜಾಗ ಸಿಗುವುದಿಲ್ಲ. ಜೊತೆಯವರು ಸೇರಲಾಗದ ಸಂಗೀತ ನಾಟಕದಲ್ಲಿ ಸಂಗೀತವಾಗಿ ಉಳಿಯುವುದಿಲ್ಲ. ಕುಸಿದ ತಿಂಗಳುಗಳಲ್ಲಂತೂ ಅವನು ಪೇಟಿಯ ತಿದಿ ಒತ್ತುತ್ತಾನೆ, ಗಾಳಿಯ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ನರಳುವಿಕೆಯನ್ನು ಕಲೆಯ ಬಂಡವಾಳವೆಂದು ಹೊಗಳುವವರು ಈ ತಿಂಗಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ, ಅದು ನಮಗೆ ಬಹಳ ನೋವು ತರುವ ಸಂಗತಿ.

ಕರೆಂಟ್ ಕೊಡುವ ದೃಶ್ಯ ಇಲ್ಲವೇಕೆ? ಸಿನಿಮಾದಲ್ಲೆಲ್ಲ ಇರುತ್ತದಲ್ಲ?

ಸಿನಿಮಾಗಳಲ್ಲಿ ತೋರಿಸುವಂತೆ ಎಚ್ಚರವಿರುವ ಮನುಷ್ಯನನ್ನು ಹಿಡಿದು ಕರೆಂಟ್ ಕೊಡುವುದು ಈಗ ಕಾನೂನಿಗೆ ವಿರುದ್ಧ. 1938ರಲ್ಲಿ ರೋಮ್‌ನಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಇಂದು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲಷ್ಟೇ ಮಾಡಬೇಕು. ತೀವ್ರ ಖಿನ್ನತೆಯಲ್ಲಿ ಇದು ಜೀವ ಉಳಿಸುವ ಚಿಕಿತ್ಸೆಯೂ ಹೌದು. ಚೀರಾಟದ ದೃಶ್ಯವೊಂದನ್ನು ಇಟ್ಟು ಜನರನ್ನು ಆಸ್ಪತ್ರೆಯಿಂದ ದೂರ ಓಡಿಸುವುದು ನಮಗೆ ಬೇಡವಾಗಿತ್ತು.

ಮಾಸ್ತರ ಸಾಯಬೇಕೆಂದು ಹೊರಟಿದ್ದನ್ನು ಯಾಕೆ ತೋರಿಸುವುದಿಲ್ಲ, ಬರೀ ಮಾತಿನಲ್ಲಿ ಬರುತ್ತದಲ್ಲ?

ಸಾಯುವ ವಿಧಾನವನ್ನು ವಿವರವಾಗಿ ತೋರಿಸಿದರೆ, ಅಂಥದೇ ಸಂಕಟದಲ್ಲಿರುವ ಪ್ರೇಕ್ಷಕನಿಗೆ ಅದು ದಾರಿ ತೋರಿಸಿದಂತಾಗುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ ಮತ್ತು ರಂಗಭೂಮಿಯವರಿಗಾಗಿಯೇ ಒಂದು ಕೈಪಿಡಿಯನ್ನು ಹೊರತಂದು, ಸಾಯುವ ಕ್ರಿಯೆಯನ್ನು ತೋರಿಸದೆ ಸಂಕಟವನ್ನು ದಾಟಿ ಬಂದವರನ್ನೂ ನೆರವಿಗೆ ನಿಂತವರನ್ನೂ ತೋರಿಸಬೇಕೆಂದು ಸಲಹೆ ಮಾಡಿದೆ. ದಾಟಿ ಬಂದವರ ಕತೆಗಳು ಆತ್ಮಹತ್ಯೆಯನ್ನು ತಡೆಯಬಲ್ಲವು ಎಂಬ ಪರಿಣಾಮಕ್ಕೆ ಸಂಶೋಧಕರು ಕೊಟ್ಟಿರುವ ‘ಪಾಪಗೆನೊ ಪರಿಣಾಮ’ ಎಂಬ ಹೆಸರು ರಂಗದಿಂದಲೇ ಬಂದದ್ದು: ಮೊಝಾರ್ಟ್ 1791ರಲ್ಲಿ ಸಂಗೀತ ಕಟ್ಟಿದ ಒಂದು ಗೀತನಾಟಕದಲ್ಲಿ ಸಾಯಲು ಹೊರಟ ಪಾಪಗೆನೊ ಎಂಬ ಪಾತ್ರವನ್ನು ಮೂವರು ಹುಡುಗರು ತಡೆದು ಬೇರೆ ದಾರಿಯನ್ನು ನೆನಪಿಸುತ್ತಾರೆ. ನಮ್ಮ ನಾಟಕದಲ್ಲಿ ಆ ಕೆಲಸವನ್ನು ಕಾಕಾ ಮಾಡುತ್ತಾನೆ. ಬೆಳಗಿನವರೆಗೂ ಅವನ ಪಕ್ಕ ಕೂತು, ಸಾಯಬೇಕೆನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳುತ್ತಾನೆ. ಹೀಗೆ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಕೇಳಿದವರ ಮುಂದೆ ಮನಸ್ಸು ಹಗುರವಾಗುತ್ತದೆ.

ಪ್ರತಿ ಸಲ ಅಂಥ ಪಾತ್ರ ಮಾಡುವ ನಟನ ಮನಸ್ಸಿಗೆ ಏನೂ ಆಗುವುದಿಲ್ಲವೇ?

ಆಗಬಹುದು, ಅದಕ್ಕಾಗಿಯೇ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದೇವೆ. ತಾಲೀಮಿನಲ್ಲಿ ಏರಿಕೆಯ ದೃಶ್ಯ ಮತ್ತು ಕುಸಿತದ ದೃಶ್ಯಗಳನ್ನು ಒಂದೇ ದಿನ ಮಾಡುವುದಿಲ್ಲ. ನಟನ ಸ್ವಂತ ದುಃಖವನ್ನು ಕೆದಕಿ ಅಭಿನಯ ತೆಗೆಯುವ ಪದ್ಧತಿಯನ್ನು ಇಲ್ಲಿ ಬಳಸುವುದಿಲ್ಲ. ಉಸಿರಿನ ಗತಿ, ನಡಿಗೆಯ ವೇಗ, ಪೇಟಿಯ ಲಯ ಇವುಗಳಿಂದಲೇ ಪಾತ್ರ ಕಟ್ಟುತ್ತೇವೆ. ಆಟ ಮುಗಿದ ಮೇಲೆ ಬಣ್ಣ ತೊಳೆದು, ಎಲ್ಲರೂ ಸುತ್ತ ಕೂತು, ತಮ್ಮ ತಮ್ಮ ಹೆಸರು ಹೇಳಿ ಮಾತಾಡಿ, ಊಟ ಮಾಡಿಯೇ ಚದುರುತ್ತೇವೆ. ಆಟ ಸಂಜೆ ಆರೂವರೆಗೆ ಆರಂಭವಾಗಿ ರಾತ್ರಿ ಒಂಬತ್ತರೊಳಗೆ ಮುಗಿಯಬೇಕೆಂಬುದು ನಾವು ಯಾವ ಊರಿನಲ್ಲೂ ಸಡಿಲಿಸದ ನಿಯಮ.

ಕೊನೆಯಲ್ಲಿ ಮಾಸ್ತರ ಮೊದಲಿನಂತೆ ಬಾರಿಸುವುದೇ ಇಲ್ಲ. ಹಾಗಾದರೆ ಅವನು ಸೋತಂತಲ್ಲವೇ?

ಈ ಪ್ರಶ್ನೆಗೆ ನಾವು ಮನಸ್ಸಿಟ್ಟು ಉತ್ತರಿಸಬೇಕು, ಏಕೆಂದರೆ ನಾಟಕ ಬರೆದದ್ದೇ ಇದಕ್ಕಾಗಿ. ಕಾಯಿಲೆ ಬಿದ್ದ ಕಲಾವಿದ ಕೊನೆಯ ದೃಶ್ಯದಲ್ಲಿ ಎದ್ದು ಬಂದು ಹಿಂದಿಗಿಂತಲೂ ಅದ್ಭುತವಾಗಿ ನುಡಿಸಿ ಚಪ್ಪಾಳೆ ಗಿಟ್ಟಿಸುವ ಅಂತ್ಯವನ್ನು ಬರೆಯುವುದು ಸುಲಭವಿತ್ತು. ಅದನ್ನು ನೋಡಿ ಮನೆಗೆ ಹೋಗುವ, ಇನ್ನೂ ಬೆರಳು ನಡುಗುತ್ತಿರುವ ಮನುಷ್ಯ ತನ್ನ ಚೇತರಿಕೆಯನ್ನು ಸೋಲೆಂದು ತಿಳಿಯುತ್ತಾನೆ.

ಪೇಟಿಯಲ್ಲಿ ಎಡಗೈಗೆ ತಿದಿ, ಬಲಗೈಗೆ ಸ್ವರ. ನಡುಕ ಕೆಡಿಸುವುದು ಬಲಗೈಯ ಚುರುಕನ್ನು. ತಿದಿ ಒತ್ತುವ ಎಡಗೈಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಆದ್ದರಿಂದ ಮಾಸ್ತರನ ಎರಡನೆಯ ಕಲಿಕೆ ಎಡಗೈಯಿಂದ ಆರಂಭವಾಗುತ್ತದೆ. ಹುಡುಗಿ ಸ್ವರ ಹಿಡಿಯುತ್ತಾಳೆ, ಅವನು ಗಾಳಿ ಕೊಡುತ್ತಾನೆ. ಯಾವ ಸ್ವರಕ್ಕೆ ಎಷ್ಟು ಗಾಳಿ ಎಂಬುದರಲ್ಲಿ ಅವನ ಅಷ್ಟು ವರ್ಷಗಳ ವಿದ್ಯೆಯೆಲ್ಲ ಇರುತ್ತದೆ, ಹುಡುಗಿಗೆ ಅದು ಕೈಗೆ ತಾಗಿ ತಿಳಿಯುತ್ತದೆ. ಆಮೇಲೆ ಅವನು ಐದೇ ಸ್ವರಗಳ ಭೂಪ ರಾಗವನ್ನು ವಿಳಂಬದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಒಂದೊಂದು ಸ್ವರದ ಮೇಲೆ ನಿಂತು ನುಡಿಸುತ್ತಾನೆ. ವೇಗದ ತಾನುಗಳಿಗಾಗಿ ಹೆಸರು ಮಾಡಿದವನು ನಿಲ್ಲುವ ಸ್ವರಕ್ಕೆ ಬರುವುದು ಅವನ ಕಲೆಯೊಳಗೇ ಆಗುವ ಬೆಳವಣಿಗೆ. ಅವನ ಹಳೆಯ ವೇಗ ಮರಳುವುದಿಲ್ಲ, ಅದಕ್ಕಾಗಿ ಅವನು ಒಂದು ದೃಶ್ಯದಲ್ಲಿ ಅಳುತ್ತಾನೆ, ಆ ಅಳುವನ್ನು ನಾವು ಬೇಗ ಮುಗಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಪ್ರೇಕ್ಷಕರು ಹೆಚ್ಚಾಗಿ ಗಮನಿಸುವುದಿಲ್ಲ. ಕೊನೆಗೆ ಬದಲಾಗುವವನು ಮಾಸ್ತರನೊಬ್ಬನೇ ಅಲ್ಲ, ಕಂಪನಿಯೂ ಬದಲಾಗುತ್ತದೆ. ಅವನಿಗೆ ಮೊದಲ ಆಟ ಮಾತ್ರ, ರಾತ್ರಿಯ ಉಳಿದ ಆಟಗಳಿಗೆ ಹುಡುಗಿ ಮತ್ತು ಇನ್ನೊಬ್ಬರು ಸರದಿಯಲ್ಲಿ ಕೂರುವುದೆಂದು ಮಾಲೀಕರು ಒಪ್ಪುತ್ತಾರೆ. ಕಲಾವಿದನ ಗಟ್ಟಿತನವೆಂದರೆ ಎಲ್ಲವನ್ನೂ ಒಬ್ಬನೇ ತಾಳಿಕೊಳ್ಳುವುದು ಎಂದು ನಾವು ನಂಬುವುದಿಲ್ಲ. ನಿದ್ದೆಗೆ ಜಾಗವಿಲ್ಲದ ಕಂಪನಿಗೆ ಅವನನ್ನು ಗುಳಿಗೆ ಕೊಟ್ಟು ಮರಳಿ ಕಳಿಸಿದರೆ ಅವನು ಮತ್ತೆ ಬೀಳುತ್ತಾನೆ. ದುಡಿಮೆಯ ಹೊತ್ತು, ಸಂಬಳ, ಸರದಿ ಇವುಗಳ ಏರ್ಪಾಡು ಚಿಕಿತ್ಸೆಯದೇ ಒಂದು ಭಾಗ.

ಈ ನಾಟಕ ನೋಡುವುದು, ಆಡುವುದು ಒಂದು ಚಿಕಿತ್ಸೆಯೇ?

ಅಲ್ಲ. ತರಬೇತಿ ಪಡೆದವರು ಸಣ್ಣ ಗುಂಪುಗಳಲ್ಲಿ ನಡೆಸುವ ನಾಟಕ ಚಿಕಿತ್ಸೆ ಎಂಬುದೇ ಬೇರೆ ಇದೆ. ನಮ್ಮದು ಟಿಕೆಟ್ ಕೊಂಡು ನೋಡುವ ನಾಟಕ. ಅದು ಮಾತಿಗೆ ದಾರಿ ಮಾಡಿಕೊಡಬಹುದು, ಆಸ್ಪತ್ರೆಗೆ ಹೋಗುವ ಧೈರ್ಯ ಕೊಡಬಹುದು. ಗುಳಿಗೆಯ ಅಥವಾ ಆಪ್ತ ಸಮಾಲೋಚನೆಯ ಬದಲಿಗೆ ನಿಲ್ಲಲಾರದು.

## ನಾಟಕದ ಆಚೆ

ನಮ್ಮ ಮನೆಯಲ್ಲೂ ಹೀಗೇ ಒ‍ಬ್ಬರಿದ್ದಾರೆ. ಎಲ್ಲಿಗೆ ಹೋಗಬೇಕು?

ಮನೆಯಿಂದಲೇ ಆರಂಭಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಚಿಕಿತ್ಸೆಗಾಗಿ ಕಲಬುರಗಿ, ಬೀದರ ಮತ್ತು ಯಾದಗಿರಿಯ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಿಗೆ ಹೋಗಿ ಮನೋರೋಗ ವಿಭಾಗವನ್ನು ಕೇಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಅಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಬಳಿ ವಿಚಾರಿಸಬಹುದು. ದೇಶದ ಮಟ್ಟದಲ್ಲಿ 1996ರಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗ ಎಂಬುದು ಇಲ್ಲಿಯವರು ಹೆಮ್ಮೆಯಿಂದ ನೆನೆಯಬೇಕಾದ ವಿಷಯ. ಹೆಚ್ಚಿನ ಚಿಕಿತ್ಸೆ ಬೇಕಾದಾಗ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಚಿಕಿತ್ಸೆ ಬೇಕಾದ ಹತ್ತು ಜನರಲ್ಲಿ ಏಳಕ್ಕಿಂತ ಹೆಚ್ಚು ಜನಕ್ಕೆ ಅದು ಸಿಕ್ಕಿರಲಿಲ್ಲ.

ಮಾಸ್ತರ ಆರೋಗ್ಯವಾಗಿದ್ದಾಗ ಒಂದು ಕಾಗದ ಬರೆದು ಹೆಂಡತಿಯ ಕೈಗೆ ಕೊಡುತ್ತಾನಲ್ಲ, ಅದು ಏನು? ನಾವೂ ಬರೆಯಬಹುದೇ?

ಅದು 2017ರ ಕಾಯ್ದೆಯ 5ನೇ ಸೆಕ್ಷನ್ ಹೇಳುವ ಮುಂಗಡ ನಿರ್ದೇಶನ. ಮುಂದೆ ಕಾಯಿಲೆ ಕೆರಳಿ ತನಗೆ ನಿರ್ಧರಿಸುವ ಶಕ್ತಿ ಇಲ್ಲದಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ವಯಸ್ಕರಾದ ಯಾರೇ ಆಗಲಿ ಬರೆದಿಡಬಹುದು. ಇದಕ್ಕೆ ನಿಗದಿತ ವಿಧಾನವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಮಾಸ್ತರ ಅದರ ಜೊತೆಗೆ ಮನೆಮಟ್ಟಿಗೆ ಇನ್ನೂ ಕೆಲವು ಸಾಲು ಸೇರಿಸುತ್ತಾನೆ: ನಾನು ಮೂರು ರಾತ್ರಿ ಮಲಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ, ದುಡ್ಡು ಹೆಂಡತಿಯ ಬಳಿ ಇರಲಿ, ಬೈದರೂ ಹೊಡೆಯಬೇಡಿ, ಪೇಟಿಯನ್ನು ಮಾರಬೇಡಿ. ಇದೇ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗಳಿಗೆ ಒದಗಿಸುವ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು 115ನೇ ಸೆಕ್ಷನ್ ಹೇಳುತ್ತದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗದೆ ಇರುವುದು ಬೇಡ. ಬಹಳ ಕಾಲದ ಕಾಯಿಲೆಯಿಂದ ದುಡಿಮೆಗೆ ಅಡ್ಡಿಯಾಗಿದ್ದರೆ, ಮಾನಸಿಕ ಅನಾರೋಗ್ಯವನ್ನೂ ಒಳಗೊಂಡು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುವ 2016ರ ಕಾಯ್ದೆಯಡಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ನಮ್ಮ ಕಾಲೇಜಿನಲ್ಲಿ, ನಮ್ಮ ಊರ ಜಾತ್ರೆಯಲ್ಲಿ ಈ ನಾಟಕ ಆಡಿಸಬಹುದೇ? ಏನೇನು ಬೇಕು?

ಆಡಿಸಬಹುದು. ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಂತಹ ದೊಡ್ಡ ವೇದಿಕೆಗೂ ಶಾಲೆಯ ಕಟ್ಟೆಗೂ ಹೊಂದುವಂತೆ ರಂಗಸಜ್ಜಿಕೆ ಹಗುರವಾಗಿದೆ: ಒಂದು ಪೇಟಿ, ತಬಲಾ, ಎರಡು ಪೆಟ್ಟಿಗೆ, ಒಂದು ಬಣ್ಣದ ಪರದೆ. ಕೇಳುವುದು ಕೆಲವೇ ಸಂಗತಿಗಳನ್ನು. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರೋ ಆಪ್ತ ಸಮಾಲೋಚಕರೋ ಸಭೆಯಲ್ಲಿ ಇರುವಂತೆ ಮೊದಲೇ ಮಾತಾಡಿಕೊಳ್ಳಬೇಕು. ನಡುವೆ ಎದ್ದು ಹೊರಗೆ ಹೋಗಬೇಕೆನ್ನಿಸುವವರಿಗಾಗಿ ಬಾಗಿಲ ಬಳಿ ಬೆಳಕು, ನೀರು, ಕುರ್ಚಿ ಇರಬೇಕು. 14416 ಸಂಖ್ಯೆಯನ್ನು ದೊಡ್ಡದಾಗಿ ಬರೆದ ಹಲಗೆಯನ್ನು ಟಿಕೆಟ್ ಕಿಟಕಿಯಲ್ಲೂ ಬಾಗಿಲಲ್ಲೂ ಹಾಕಬೇಕು. ಆಟದ ನಂತರ ಅರ್ಧ ಗಂಟೆ ಮಾತುಕತೆಗೆ ಮೀಸಲಿಡಬೇಕು, ಆ ಹೊತ್ತಿನಲ್ಲಿ ಸನ್ಮಾನ, ಭಾಷಣಗಳನ್ನು ಇಟ್ಟುಕೊಳ್ಳಬಾರದು. ಜಾತ್ರೆಯಲ್ಲಿ ಆಡಿಸುವವರು ಸಂಜೆಯ ಮೊದಲ ಆಟವನ್ನೇ ನಮಗೆ ಕೊಡಬೇಕು.